ಅಂಚು ಬಿಡುವ ಮನುಷ್ಯ

ಬೇರೆಯವರ ಅಂಗಡಿಯ ಪಿಜ್ಜಾ ತಿನ್ನಬೇಕಾದಾಗ ನನ್ನ ಅಣ್ಣ ಗೇತಾನೊ ಕಾರಿನಿಂದ ಇಳಿಯುವುದಿಲ್ಲ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಸೀಟಿನಲ್ಲಿ ಅರ್ಧ ಜಾರಿ, ಬ್ಯಾಂಕು ದೋಚಲು ಬಂದವನ ಹಾಗೆ ಕಿಟಕಿಯಿಂದ ಇಣುಕುತ್ತಾನೆ. ಇಳಿದು, ಸಾಲಿನಲ್ಲಿ ನಿಂತು, "ಎರಡು ರೆಗ್ಯುಲರ್" ಎಂದು ಬರೀ ಚೀಸಿನ ತುಂಡು ಕೇಳಿ, ಎಣ್ಣೆ ಜಿನುಗುವ ಕಾಗದದ ತಟ್ಟೆಗಳನ್ನು ಹಿಡಿದು ಬರಬೇಕಾದವಳು ನಾನು. ನನ್ನ ಹೆಸರು ಅಸ್ಸುಂತಾ. ಅರವತ್ತು ದಾಟಿ ಎಷ್ಟೋ ವರ್ಷಗಳಾದವು, ಎರಡೂ ಮಂಡಿ ಸವೆದಿವೆ. ಬ್ರೂಕ್ಲಿನ್‌ನ ಒಂದು ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವುದೇ ನನ್ನ ಕೆಲಸವಾಗಿತ್ತು. ಒಂದು ಕೈ ಎತ್ತಿ ಸಿಮೆಂಟ್ ಲಾರಿಗಳನ್ನು ನಿಲ್ಲಿಸಿದವಳು ನಾನು. ಈ ಒಬ್ಬ ಮುದುಕನನ್ನು ನಿಲ್ಲಿಸುವುದು ಮಾತ್ರ ನನ್ನ ಕೈಲಾಗಲಿಲ್ಲ.

"ಹೊಸ ಪಿಜ್ಜಾದಿಂದ ಕುಯ್ದಿದ್ದೇ ತಾನೆ? ಮತ್ತೆ ಬಿಸಿ ಮಾಡಿದ್ದಾದ್ರೆ ನಂಗೆ ಬೇಡ," ಎನ್ನುತ್ತಾನೆ, ನಾನು ಬಾಗಿಲು ಮುಚ್ಚುವ ಮೊದಲೇ.

"ಒಲೆಯಿಂದ ತೆಗೆದಿದ್ದನ್ನ ಕಣ್ಣಾರೆ ನೋಡ್ದೆ. ತಿನ್ನು."

ತಿನ್ನುವುದಿಲ್ಲ. ಮೊದಲು ತುಂಡನ್ನು ಎತ್ತಿ ಹಿಡಿದು ತಳ ನೋಡುತ್ತಾನೆ, ಮೆಕ್ಯಾನಿಕ್ಕು ಕಾರಿನ ಕೆಳಗೆ ತಲೆ ಹಾಕಿದ ಹಾಗೆ. ಆಮೇಲೆ ಉದ್ದಕ್ಕೆ ಮಡಚಿ ತುದಿ ಕಚ್ಚುತ್ತಾನೆ. ಇನ್ನೊಂದು ಸಲ ಕಚ್ಚುತ್ತಾನೆ. ಉಳಿದದ್ದನ್ನು ನನ್ನ ತಟ್ಟೆಗೆ ಹಾಕಿ, "ಇದಲ್ಲ, ನಡಿ," ಎನ್ನುತ್ತಾನೆ. ಹೀಗೆ ಊರಿನ ಎಲ್ಲ ಮೂಲೆಗಳ ಪಿಜ್ಜಾ ನನ್ನ ಸೊಂಟಕ್ಕೆ ಬಂದು ಸೇರಿತು. ಮೂರನೆಯ ವಾರಕ್ಕೆ ನನ್ನ ಸ್ಕರ್ಟಿನ ಕೊಕ್ಕೆ ಕೂರುವುದನ್ನು ನಿಲ್ಲಿಸಿತು.

ಅದು ತಪಸ್ಸುಕಾಲ ಬೇರೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಏನನ್ನಾದರೂ ಬಿಡಬೇಕಲ್ಲ, ನಾನು ಬೈಗುಳ ಬಿಟ್ಟಿದ್ದೆ. ಪಾದ್ರಿಗೆ ಹೇಳಿದಾಗ ಅವರು ನಕ್ಕು, "ಅಸ್ಸುಂತಾ, ಅದಕ್ಕಿಂತ ಊಟ ಬಿಡೋದು ಸುಲಭ ಆಗ್ತಿತ್ತಲ್ಲ," ಎಂದಿದ್ದರು. ನ್ಯೂಯಾರ್ಕಿನಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುತ್ತ, ಪಕ್ಕದಲ್ಲಿ ಗೇತಾನೊನನ್ನು ಕೂರಿಸಿಕೊಂಡು, ಬಾಯಿಗೆ ಬೀಗ ಹಾಕಿಕೊಂಡಿರುವುದು ಎಂದರೆ ಏನೆಂದು ಆ ಪುಣ್ಯಾತ್ಮರಿಗೆ ಗೊತ್ತಿತ್ತು.

ಎಂಬತ್ತಾರನೇ ಬೀದಿಯಲ್ಲಿ, ಕಂಬಗಳ ಮೇಲೆ ಓಡುವ ಟ್ರೇನಿನ ಕೆಳಗೆ, ಗೇತಾನೊನ ಅಂಗಡಿ ಇದೆ. ಹೆಸರು ಸ್ಯಾನ್ ರೊಕ್ಕೊ. ಆ ಬೀದಿಯಲ್ಲಿ ಹುಟ್ಟಿ ಅಜ್ಜಂದಿರಾದವರೂ ಅಲ್ಲೇ ಮೊದಲ ಪಿಜ್ಜಾ ತಿಂದವರು. ಜನವರಿಯಲ್ಲಿ ಅವನ ಬಲ ಭುಜಕ್ಕೆ ಆಪರೇಷನ್ ಆಯಿತು. ಇನ್ನು ಮೇಲೆ ಕಣಕ ತಟ್ಟುವುದು, ಎಸೆಯುವುದು, ಪಿಜ್ಜಾ ಇಟ್ಟ ಸಲಿಕೆಯನ್ನು ಒಲೆಗೆ ತಳ್ಳುವುದು ಏನೂ ಆಗದು ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಅವನಿಗೆ ಮಕ್ಕಳಿಲ್ಲ. ಅತ್ತಿಗೆ ನುನ್ಸಿಯಾ ತೀರಿಹೋಗಿ ಬಹಳ ಕಾಲವಾಯಿತು. ಅಂಗಡಿಯ ಶಟರ್ ಇಳಿಯಿತು. ಕಟ್ಟಡದ ಮಾಲೀಕ ಒಳ್ಳೆಯವನೇ, ಈಸ್ಟರ್‌ವರೆಗೆ ಕಾಯುತ್ತೇನೆ ಎಂದ. ಅಷ್ಟರಲ್ಲಿ ಅಂಗಡಿ ನಡೆಸುವವರು ಯಾರಾದರೂ ಸಿಗದಿದ್ದರೆ ಮೊಬೈಲ್ ಕವರ್ ಮಾರುವವರಿಗೆ ಕೊಡುವುದಾಗಿ ಮಾತು. ಅವರು ಆಗಲೇ ಟೇಪು ಹಿಡಿದು ಅಳತೆ ಮಾಡಿಕೊಂಡು ಹೋಗಿದ್ದರು.

"ಆ ಒಲೆ ಬಾಗಿಲಲ್ಲಿ ಹಿಡಿಸಲ್ಲ," ಎಂದಿದ್ದರಂತೆ. "ಒಡೆದೇ ಹೊರಗೆ ಹಾಕ್ಬೇಕು."

ಅವತ್ತು ಗೇತಾನೊ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನನಗೆ ಫೋನು ಮಾಡಿ, "ಕಾರ್ ತೆಗಿ. ಊರಲ್ಲಿ ಜನ ಎಂಥ ಪಿಜ್ಜಾ ತಿಂತಿದ್ದಾರೆ ನೋಡ್ಕೊಂಡು ಬರೋಣ," ಎಂದ. ಜೀವಮಾನದಲ್ಲಿ ಇನ್ನೊಬ್ಬರ ಅಂಗಡಿಯ ಒಂದು ತುಂಡನ್ನೂ ಬಾಯಿಗಿಡದ ಮನುಷ್ಯ ಅವನು. ಪಿಜ್ಜಾದವನು ಇನ್ನೊಬ್ಬ ಪಿಜ್ಜಾದವನಲ್ಲಿ ತಿನ್ನುವುದೆಂದರೆ ಹೆಂಡತಿ ಇದ್ದೂ ಪಕ್ಕದ ಮನೆಯಲ್ಲಿ ಊಟಕ್ಕೆ ಕೂತಂತೆ ಎನ್ನುತ್ತಿದ್ದ. ಅವನು ಊರಿನವರ ರುಚಿ ನೋಡಲು ಹೊರಟಿದ್ದಾನೆ ಎಂದು ನಂಬಲು ನಾನೇನು ಮೂರ್ಖಳೇ? ಅವನು ಫಿದೆನ್ಸಿಯೊನನ್ನು ಹುಡುಕಲು ಹೊರಟಿದ್ದ.

ಫಿದೆನ್ಸಿಯೊ ಮೆಕ್ಸಿಕೋದ ಪ್ಯೂಬ್ಲಾದವನು. ಮೀಸೆ ಮೂಡುವ ವಯಸ್ಸಿಗೆ ಪಾತ್ರೆ ತೊಳೆಯಲು ಸ್ಯಾನ್ ರೊಕ್ಕೊಗೆ ಬಂದವನು, ಮೀಸೆ ನರೆಯುವ ಹೊತ್ತಿಗೆ ಅಂಗಡಿಯ ಒಲೆ ಅವನ ಕೈಯಲ್ಲಿತ್ತು. ಗೇತಾನೊ ಅವನನ್ನು ಫಿದೆ ಎನ್ನುತ್ತಿದ್ದ, ಅವನು ಗೇತಾನೊನನ್ನು ಗುರುವೆಂಬ ಅರ್ಥದಲ್ಲಿ ಮಾಸ್ಟ್ರೊ ಎನ್ನುತ್ತಿದ್ದ, ನನ್ನನ್ನು ಮರ್ಯಾದೆಗೆ ದೋನ್ಯಾ ಎನ್ನುತ್ತಿದ್ದ. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಮಾತಿಲ್ಲದೆ, ಒಬ್ಬರ ಮೊಣಕೈ ಒಬ್ಬರಿಗೆ ತಗಲದಂತೆ ಕೆಲಸ ಮಾಡುವುದನ್ನು ನೋಡಲೆಂದೇ ನಾನು ಕಾಫಿ ಹಿಡಿದು ಹೋಗಿ ಕೂರುತ್ತಿದ್ದೆ.

ಮಧ್ಯಾಹ್ನ ಗೇತಾನೊ ನಿಂತುಕೊಂಡೇ ಒಂದು ತುಂಡು ತಿನ್ನುತ್ತಿದ್ದ. ಅಂಚನ್ನು ಮಾತ್ರ ತಿನ್ನುತ್ತಿರಲಿಲ್ಲ. ಕೌಂಟರಿನ ತುದಿಯಲ್ಲಿ ಇಟ್ಟುಬಿಡುತ್ತಿದ್ದ. "ಅಂಚು ಇರೋದು ಹಿಡ್ಕೊಳ್ಳೋಕೆ. ಬಾಣಲೆ ಹಿಡೀನ ಯಾರಾದ್ರೂ ತಿಂತಾರಾ?" ಎಂದು ಕೇಳುತ್ತಿದ್ದ. ಫಿದೆನ್ಸಿಯೊ ತಿರುಗಿಯೂ ನೋಡದೆ ಎಡಗೈಯಿಂದ ಆ ಅಂಚನ್ನು ಬಾಚಿ ಪಾರಿವಾಳಗಳ ಬಕೆಟ್ಟಿಗೆ ಹಾಕುತ್ತಿದ್ದ. ಪ್ರತಿದಿನ, ಅಷ್ಟೂ ವರ್ಷ. ನಾನು ತಂಗಿಯಾದ್ದರಿಂದ ಹೇಳಬಹುದು: ಗೇತಾನೊನ ಪಿಜ್ಜಾದ ಸಾಸು, ಚೀಸು, ತಳ ಎಲ್ಲ ಸೊಗಸು. ಅಂಚು ಮಾತ್ರ ಒಣಕಟ್ಟಿಗೆ. ಪಾರಿವಾಳಗಳೂ ಕಷ್ಟಪಟ್ಟು ತಿನ್ನುತ್ತಿದ್ದವು.

ಎರಡು ವರ್ಷದ ಹಿಂದೆ ಒಂದು ಶನಿವಾರ ಮಧ್ಯಾಹ್ನ, ಅಂಗಡಿಯ ತುಂಬ ಜನ ಇದ್ದಾಗ, ನಾನೂ ಅಲ್ಲೇ ಕೂತಿದ್ದಾಗ, ಫಿದೆನ್ಸಿಯೊ ಒಲೆಯಿಂದ ಒಂದು ಪಿಜ್ಜಾ ತೆಗೆದು ಅಣ್ಣನ ಮುಂದಿಟ್ಟ.

"ಮಾಸ್ಟ್ರೊ, ಈ ಕಣಕಾನ ಎರಡು ರಾತ್ರಿ ಫ್ರಿಜ್ಜಲ್ಲಿ ಇಟ್ಟಿದ್ದೆ. ಒಂದೇ ಒಂದು ಸಲ ತಿಂದು ಹೇಗಿದೆ ಹೇಳಿ. ಅಷ್ಟು ಸಾಕು."

ಗೇತಾನೊನ ಕಣಕ ಬೆಳಿಗ್ಗೆ ಕಲಸಿದ್ದು ಸಂಜೆಗೆ ಮುಗಿಯಬೇಕು. ಅದು ನಮ್ಮಪ್ಪನ ಪದ್ಧತಿ. ಅವನು ಪಿಜ್ಜಾವನ್ನು ನೋಡಿದ, ಕಾಯುತ್ತಿದ್ದ ಗಿರಾಕಿಗಳನ್ನು ನೋಡಿದ. ಅವನ ಕಿವಿ ಕೆಂಪಾದವು. ಹಲಗೆಯನ್ನು ಎತ್ತಿ ಇಡೀ ಪಿಜ್ಜಾವನ್ನು ಕಸದ ಡಬ್ಬಿಗೆ ಜಾರಿಸಿಬಿಟ್ಟ.

"ನಾನು ಸಂಬಳ ಕೊಡ್ತಿರೋದು ನಿನ್ನ ಕೈಗೆ ಕಣಯ್ಯ. ನಿನ್ನ ನಾಲಿಗೆಗಲ್ಲ."

ಫಿದೆನ್ಸಿಯೊ ಏಪ್ರನ್ ಬಿಚ್ಚಿದ, ನಾಲ್ಕು ಮಡಿಕೆ ಮಾಡಿದ, ಕೌಂಟರಿನ ಮೇಲೆ ಅಣ್ಣ ಬಿಟ್ಟ ಅಂಚಿನ ಪಕ್ಕದಲ್ಲಿಟ್ಟು ಹೊರಟುಹೋದ. ಫೋನ್ ನಂಬರೂ ಬದಲಾಯಿತು. ನಮ್ಮ ಬೀದಿಯಲ್ಲೇ ಹಣ್ಣು ಮಾರುವ ಅವನ ಸೋದರಸಂಬಂಧಿಯನ್ನು ಕೇಳಿದರೆ, "ಎಲ್ಲೋ ಪಿಜ್ಜಾ ಮಾಡ್ತಿದ್ದಾನೆ. ಎಲ್ಲಿ ಅಂತ ಹೇಳ್ಬೇಡ ಅಂದಿದ್ದಾನೆ," ಎಂದು ಕಿತ್ತಳೆ ಜೋಡಿಸುತ್ತ ಕೂರುತ್ತಾನೆ.

"ಆ ಹಣ್ಣಿನವನ ಕೈಲಿ ಒಂದು ಮಾತು ಹೇಳಿ ಕಳಿಸು," ಎಂದೆ ನಾನು ಅಣ್ಣನಿಗೆ.

"ಏನಂತ?"

"ಏನಂತ ಅಂದ್ರೆ? ತಪ್ಪಾಯ್ತು, ಬಾ, ಅಂಗಡಿ ನೋಡ್ಕೊ ಅಂತ."

ಅವನು ಕಿಟಕಿಯ ಕಡೆ ತಿರುಗಿಕೊಂಡ. "ಮೊದಲು ಎಲ್ಲಿದ್ದಾನೆ ನೋಡೋಣ. ಒಂದು ತುತ್ತು ಸಾಕು, ಗೊತ್ತಾಗತ್ತೆ ನಂಗೆ. ಅವನ ಕೈ ಅಂದ್ರೆ ನನ್ನ ಕೈ. ನಾನು ಕಲಿಸಿದ್ದು. ಇಡೀ ನ್ಯೂಯಾರ್ಕಲ್ಲಿ ನನ್ನ ಪಿಜ್ಜಾ ಎಲ್ಲಿ ಸಿಗತ್ತೋ ಅಲ್ಲಿರ್ತಾನೆ ಅವನು."

ಹಾಗಾಗಿ ಹೊರಟೆವು. ಸ್ಟೇಟನ್ ಐಲ್ಯಾಂಡಿನಲ್ಲಿ, "ಸಾಸಿಗೆ ಸಕ್ಕರೆ ಹಾಕಿದ್ದಾರೆ. ಇದು ಪಿಜ್ಜಾನೋ ಹುಟ್ಟುಹಬ್ಬದ ಕೇಕೋ?" ಎಂದ. ಬ್ರಾಂಕ್ಸಿನಲ್ಲಿ ಚೀಸನ್ನು ಎರಡು ಬೆರಳಲ್ಲಿ ಎಳೆದು ನೋಡಿ, ಇದರಲ್ಲಿ ಶೂಗೆ ಲೇಸು ಮಾಡಬಹುದು ಎಂದ. ಮ್ಯಾನ್‌ಹಟನ್ನಿನಲ್ಲಿ ಅನಾನಸು ಹಾಕಿದ ಪಿಜ್ಜಾ ಗಾಜಿನ ಹಿಂದೆ ಕಂಡಾಗ ಶಿಲುಬೆಯ ಗುರುತು ಹಾಕಿಕೊಂಡು ಕಾರಿನ ಕಿಟಕಿ ಏರಿಸಿದ. ಹಾರ್ಲೆಮ್‌ನಲ್ಲಿ ಒಂದು ತುಂಡಿನ ತಳವನ್ನು ಬಹಳ ಹೊತ್ತು ನೋಡಿ, "ತಳ ಪರವಾಗಿಲ್ಲ," ಎಂದ. ಇಡೀ ತಿರುಗಾಟದಲ್ಲಿ ಅವನ ಬಾಯಿಂದ ಬಂದ ಅತಿ ದೊಡ್ಡ ಹೊಗಳಿಕೆ ಅದು. ಆ ಅಂಗಡಿಯವನಿಗೆ ಗೊತ್ತಾಗಿದ್ದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದಿತ್ತು.

ನಗುತ್ತಿದ್ದೆವು, ನಿಜ. ನುನ್ಸಿಯಾ ಹೋದ ಮೇಲೆ ನಾವಿಬ್ಬರೂ ಇಷ್ಟು ಹೊತ್ತು ಒಟ್ಟಿಗೆ ಕೂತದ್ದೇ ಇಲ್ಲ. ಆದರೆ ಪ್ರತಿ ಅಂಗಡಿಯಿಂದ ಹೊರಟಾಗಲೂ ಅವನು ಒಂದಿಷ್ಟು ಕುಗ್ಗುತ್ತಿದ್ದ. ಸೀಟಿನ ಬೆಲ್ಟು ಅವನ ಮೇಲೆ ದಿನೇ ದಿನೇ ಸಡಿಲವಾಗುತ್ತಿತ್ತು, ನನ್ನ ಮೇಲೆ ಬಿಗಿಯಾಗುತ್ತಿತ್ತು. ಈಸ್ಟರ್ ಹತ್ತಿರ ಬರುತ್ತಿತ್ತು.

ಒಂದು ಶುಕ್ರವಾರ ಕ್ವೀನ್ಸ್‌ನ ಕೊರೋನಾ ಎಂಬ ಬಡಾವಣೆಗೆ ಹೋದೆವು. ಅಲ್ಲೂ ತಲೆಯ ಮೇಲೆ ಟ್ರೇನು. ಅದರ ಕೆಳಗೆ, ಹೂವಿನ ಅಂಗಡಿಗೂ ಹಣ ಕಳಿಸುವ ಅಂಗಡಿಗೂ ನಡುವೆ, ಪಿಜ್ಜಾ ಎಂದಷ್ಟೇ ಕೆಂಪು ಅಕ್ಷರದಲ್ಲಿ ಬರೆದಿದ್ದ ಇಕ್ಕಟ್ಟಾದ ಜಾಗ. ಮಾಂಸ ಬಿಡುವ ಶುಕ್ರವಾರವಾದ್ದರಿಂದ ಸಾಲು ಬಾಗಿಲಿನ ಹೊರಗೂ ಇತ್ತು. ಕೌಂಟರಿನಲ್ಲಿ ಒಬ್ಬ ಹುಡುಗಿ, ಹಿಂದೆ ಅಡ್ಡಗೋಡೆ, ಮಾಡುವವರು ಯಾರೂ ಕಾಣಿಸಲಿಲ್ಲ. ಎರಡು ರೆಗ್ಯುಲರ್ ತಂದು ಕೊಟ್ಟೆ.

ಗೇತಾನೊ ತಳ ನೋಡಿದ. "ಸುಟ್ಟಿದೆ. ಚುಕ್ಕಿ ಚುಕ್ಕಿ," ಎಂದ. ಅಂಚು ನೋಡಿದ, ಗುಳ್ಳೆಗುಳ್ಳೆಯಾಗಿ ಉಬ್ಬಿತ್ತು. "ಕಣಕ ತಟ್ಟೋಕೇ ಬರಲ್ಲ ಇವನಿಗೆ," ಎಂದ. ಮಡಚಿ ತುದಿ ಕಚ್ಚಿದ.

ಇನ್ನೊಂದು ಸಲ ಕಚ್ಚಿದ. ನಾನು ರೂಢಿಯಂತೆ ತಟ್ಟೆ ಮುಂದೆ ಹಿಡಿದೆ. ಅವನು ನೋಡಲಿಲ್ಲ. ಮೂರನೇ ಸಲ ಕಚ್ಚಿದ. ತಲೆಯ ಮೇಲೆ ಟ್ರೇನು ಗಡಗಡ ಹೋಯಿತು, ಇನ್ನೊಂದು ಬಂತು. ಅವನು ಮುಂದಿನ ಗಾಜಿನಾಚೆ ಎಲ್ಲೋ ನೋಡುತ್ತ ಅಗಿಯುತ್ತಲೇ ಇದ್ದ. ಚೀಸು ಮುಗಿಯಿತು. ಅಂಚು ಉಳಿಯಿತು. ಅದನ್ನೂ ಕಚ್ಚಿದ. ಕರುಮ್ ಎಂದ ಸದ್ದು ನನ್ನ ಕಿವಿಗೇ ಬಿತ್ತು. ಪೂರ್ತಿ ತಿಂದು, ಕೈ ಒರೆಸಿಕೊಂಡು, ಏನೂ ಆಗದವನಂತೆ ಹೇಳಿದ:

"ಉಪ್ಪು ಜಾಸ್ತಿ. ಅವನ ಕೈ ಅಲ್ಲ. ನಡಿ."

ನಾನು ಬಾಯಿ ತೆರೆದೆ. ಬೈಗುಳವಲ್ಲದೆ ಬೇರೇನೂ ಬರುವಂತಿರಲಿಲ್ಲ, ಮುಚ್ಚಿದೆ. ತಾನು ಅಂಚು ತಿಂದೆ ಎನ್ನುವುದೇ ಅವನ ಗಮನಕ್ಕೆ ಬಂದಿರಲಿಲ್ಲ ಎಂದು ನನ್ನ ನಂಬಿಕೆ. ನನ್ನ ಗಮನಕ್ಕಂತೂ ಬಂದಿತ್ತು. ನನ್ನ ಪಾಲಿನ ತುಂಡನ್ನು ಮನೆಗೆ ಹೋಗಿ ತಿಂದೆ. ತಣ್ಣಗಾಗಿದ್ದರೂ ಅಂಚು ಹಗುರವಾಗಿತ್ತು, ಒಳಗೆ ಪೊಳ್ಳು ಪೊಳ್ಳು, ಸ್ವಲ್ಪ ಹುಳಿ. ಎರಡು ರಾತ್ರಿ ಫ್ರಿಜ್ಜಲ್ಲಿ ಇಟ್ಟಿದ್ದೆ ಎಂದು ಹೇಳಿದವನ ದನಿ ಆಗ ನೆನಪಾಯಿತು. ನನ್ನ ಅಣ್ಣ ಇಡೀ ಊರಿನಲ್ಲಿ ತನ್ನ ಪಿಜ್ಜಾವನ್ನೇ ಹುಡುಕುತ್ತಿದ್ದ. ಫಿದೆನ್ಸಿಯೊ ಇನ್ನೂ ಯಾಕೆ ಅದನ್ನೇ ಮಾಡುತ್ತಿರಬೇಕು?

ಮಂಗಳವಾರ ಒಬ್ಬಳೇ ಟ್ರೇನು ಹತ್ತಿ ಹೋದೆ. ಕೌಂಟರಿನ ಹುಡುಗಿಗೆ, "ಒಳಗಿರೋರನ್ನ ಕರಿಯಮ್ಮ," ಎಂದೆ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಫಿದೆನ್ಸಿಯೊ ಬಂದ. ನನ್ನನ್ನು ಕಂಡು ಗೋಡೆ ಹಿಡಿದು ನಿಂತ.

"ದೋನ್ಯಾ ಅಸ್ಸುಂತಾ! ಮಾಸ್ಟ್ರೊಗೆ ಏನಾದ್ರೂ..."

"ಸತ್ತಿಲ್ಲ, ಹೆದರ್ಬೇಡ. ಸಾಯೋ ಆಸಾಮಿನಾ ಅವನು?"

ಅವನ ಮೀಸೆ ಪೂರ್ತಿ ನರೆತಿತ್ತು. ನನ್ನನ್ನು ಒಳಗೆ ಕರೆದು, ಮೈದಾ ಮೂಟೆಯ ಮೇಲೆ ಟವೆಲ್ ಹಾಸಿ ಕೂರಿಸಿ, ಕಾಫಿ ಕೊಟ್ಟ. ಭುಜ ಹೇಗಿದೆ ಎಂದು ಕೇಳಿದ. ಹಣ್ಣಿನವನು ಎಲ್ಲ ಸುದ್ದಿ ಮುಟ್ಟಿಸುತ್ತಿದ್ದನಂತೆ. ಈ ಅಂಗಡಿ ನಿನ್ನದೇ ಎಂದು ಕೇಳಿದೆ.

"ಎಲ್ಲಿ ನಂದು? ಓನರ್ ಬೇರೆ. ಇಲ್ಲೂ ಸಂಬಳಕ್ಕೇ ಇರೋದು. ಆದ್ರೆ ಕಣಕ ನನ್ನಿಷ್ಟ, ಅಷ್ಟು ಬಿಟ್ಟುಕೊಟ್ಟಿದ್ದಾರೆ."

ಮೊಬೈಲ್ ಕವರಿನವರ ವಿಷಯ ಹೇಳಿದೆ. ಒಲೆ ಒಡೆಯುತ್ತಾರಂತೆ ಎಂದಾಗ ಅವನು ಕೈಯಲ್ಲಿದ್ದ ಉಂಡೆಯನ್ನು ಕೆಳಗಿಟ್ಟ.

"ಅವನ ಮನಸ್ಸಲ್ಲಿ ಅಂಗಡಿ ನಿಂದೇ, ಫಿದೆನ್ಸಿಯೊ. ಬಾಯಿಗೆ ಬರ್ತಿಲ್ಲ ಅಷ್ಟೆ. ಒಂದ್ಸಲ ಬಂದು ನೋಡು ಅವನನ್ನ."

ಅವನು ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡ. "ನಮ್ಮಪ್ಪನ ಮುಖ ನಂಗೆ ಸರಿಯಾಗಿ ನೆನಪಿಲ್ಲ," ಎಂದ ಆಮೇಲೆ. "ನಂಗೆ ಎಲ್ಲಾ ಅವರೇ. ಅದಕ್ಕೇ ಅವತ್ತು ಅವರಿಗೆ ಮೊದ್ಲು ಕೊಟ್ಟಿದ್ದು. ಬೈದಿದ್ರೆ ಬೈಸ್ಕೊತಿದ್ದೆ. ಕೆಟ್ಟದಾಗಿದೆ ಅಂದಿದ್ರೂ ಸರಿ, ನಾಳೆ ಬೇರೆ ಥರ ಮಾಡ್ತಿದ್ದೆ. ತಿನ್ನದೇನೇ ಹಾಕಿಬಿಟ್ರು. ಅಷ್ಟೂ ಜನರ ಮುಂದೆ."

"ಗೊತ್ತಪ್ಪ. ನೋಡಿದ್ನಲ್ಲ."

"ನಾನು ಅಲ್ಲಿಗೆ ಬರಲ್ಲ, ದೋನ್ಯಾ. ಅವರೇ ಬರ್ಲಿ. ಎಲ್ಲರ ಹಾಗೆ ಸಾಲಲ್ಲಿ ನಿಂತು, ಒಂದು ಸ್ಲೈಸ್ ತಗೊಂಡು, ತಿಂದು, ಹೇಗಿದೆ ಅಂತ ಹೇಳ್ಲಿ. ಅವತ್ತು ಕೇಳಿದ್ದೂ ಅಷ್ಟೇ ಅಲ್ವಾ?"

ಶುಕ್ರವಾರ ಕಾರಿನೊಳಗೆ ನಡೆದದ್ದನ್ನು ಹೇಳಿಬಿಡಲೇ ಎಂದು ನಾಲಿಗೆ ತುರಿಸಿತು. ಹೇಳಲಿಲ್ಲ. ಅದನ್ನು ಹೇಳಬೇಕಾದ ಬಾಯಿ ನನ್ನದಲ್ಲ.

ಸಂಜೆ ಗೇತಾನೊನ ಅಡುಗೆಮನೆಯಲ್ಲಿ ಕೂತು ವಿಷಯ ತಿಳಿಸಿದೆ. ಮೊದಲು ಅವನು ಕೂಗಾಡಿದ.

"ಕೊರೋನಾದಲ್ಲಾ? ಆ ಸುಟ್ಟ ತಳಾನಾ? ಸಾಧ್ಯಾನೇ ಇಲ್ಲ! ನಂಗೆ ಗೊತ್ತಾಗ್ತಿರ್ಲಿಲ್ವಾ?"

"ನಾನು ಅವನ ಜೊತೆ ಕಾಫಿ ಕುಡಿದು ಬಂದಿದ್ದೀನಿ ಮಾರಾಯ."

"ಅದ್ರಲ್ಲಿ ನಾನು ಕಲಿಸಿದ್ದು ಒಂದೂ ಇರ್ಲಿಲ್ಲ!"

"ಇರ್ಲಿಲ್ಲ. ಆದ್ರೂ ಅಂಚು ತಿಂದೆ ನೀನು."

"ಯಾರು? ನಾನಾ?"

"ತಟ್ಟೆ ನನ್ನ ಕೈಲಿತ್ತು, ಗೇತಾನೊ. ಒಂದು ಚೂರೂ ಬಿದ್ದಿರ್ಲಿಲ್ಲ ಅದ್ರಲ್ಲಿ."

ಅವನು ಕುರ್ಚಿಯಲ್ಲಿ ಕೂತ. ಸರಿಯಿದ್ದ ಕೈಯಿಂದ ಮೇಜಿನ ಬಟ್ಟೆಯ ಸುಕ್ಕನ್ನು ತೀಡಿದ, ಮತ್ತೆ ತೀಡಿದ. ಆ ಶನಿವಾರ ಅವನ ಕಣ್ಣ ಮುಂದೆ ಬರುತ್ತಿದೆ ಎಂದು ನನಗೆ ತಿಳಿಯಿತು.

"ಹಾಗಾದ್ರೆ..." ಎಂದ. ದನಿ ಸಣ್ಣಗಿತ್ತು. "ಅವತ್ತು ನಾನು ಕಸಕ್ಕೆ ಹಾಕಿದ್ದು ಅದನ್ನಾ?"

"ಹೂಂ. ಅದನ್ನೇ."

ಅಣ್ಣ ಅತ್ತದ್ದನ್ನು ನಾನು ನುನ್ಸಿಯಾಳ ಮಣ್ಣಿನ ದಿನ ನೋಡಿದ್ದೆ, ಮತ್ತೆ ಅವತ್ತು ನೋಡಿದೆ. ಎದ್ದು ಹೋಗಿ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತೆ. ಎಷ್ಟು ಬೈದರೂ ನನಗೆ ಇರುವವನು ಇವನೊಬ್ಬ. ಅಪ್ಪನ ಪದ್ಧತಿ ಎಂದು ಜೀವಮಾನವಿಡೀ ತಿನ್ನಲಾಗದ ಅಂಚನ್ನು ಮಾಡುತ್ತ ಬಂದವನು, ಅದು ತಿನ್ನುವಂಥದ್ದೇ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡು ಬಂದವನು.

ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರಕ್ಕೆ ಮುಂಚಿನ ಶುಕ್ರವಾರ ಅವನು ಗಡ್ಡ ಬೋಳಿಸಿ, ಮದುವೆಮನೆಗೆ ಹಾಕುವ ಕೋಟು ಹಾಕಿಕೊಂಡು ಕಾರಿನಲ್ಲಿ ಕೂತ. ಟೋಪಿ ಮನೆಯಲ್ಲೇ ಬಿಟ್ಟಿದ್ದ. ಕೊರೋನಾದಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ನೀನು ಇಲ್ಲೇ ಇರು, ನಾನೊಬ್ಬನೇ ಹೋಗುತ್ತೇನೆ ಎಂದ. ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಪಿಜ್ಜಾಕ್ಕೆಂದು ಅವನು ಸಾಲಿನಲ್ಲಿ ನಿಂತದ್ದು ಅದೇ ಮೊದಲು, ನಿಲ್ಲಲೂ ಬರಲಿಲ್ಲ. ಎಲ್ಲರಿಗೂ ದಾರಿ ಬಿಡುತ್ತ ಹಿಂದೆ ಹಿಂದೆ ಸರಿಯುತ್ತಿದ್ದ. ನೋಡಿ ನೋಡಿ ಸಾಕಾಗಿ, ಕಾರನ್ನು ಇನ್ನೊಂದು ಕಾರಿನ ಪಕ್ಕಕ್ಕೇ ಅಡ್ಡ ನಿಲ್ಲಿಸಿ, ದೀಪ ಮಿಣುಕಿಸಿಟ್ಟು, ಇಳಿದು ಹೋದೆ.

ಅವನ ಹಿಂದೆ ಸಿಮೆಂಟ್ ಮೆತ್ತಿದ ಬೂಟಿನ ಕೆಲಸಗಾರನೊಬ್ಬನಿದ್ದ. "ಅಜ್ಜಾ, ಮುಂದೆ ಹೋಗಿ. ಮದುವೆಗೆ ಲೇಟಾಗತ್ತೆ," ಎಂದ.

"ಅಜ್ಜ ಅಂತೆ," ಎಂದು ಅಣ್ಣ ನನ್ನ ಕಿವಿಯಲ್ಲಿ ಗೊಣಗಿದ. ಬೆವರುತ್ತಿದ್ದ.

ಅವತ್ತು ಕೌಂಟರಿನಲ್ಲಿ ಫಿದೆನ್ಸಿಯೊನೇ ಇದ್ದ. ಗೇತಾನೊನನ್ನು ಕಂಡಾಗ ಅವನ ಕೈ ಒಂದು ಗಳಿಗೆ ನಿಂತಿತು, ಮತ್ತೆ ನಡೆಯಿತು. ನಮ್ಮ ಸರದಿ ಬಂತು.

"ಏನ್ ಕೊಡ್ಲಿ?" ಎಂದ, ಎಲ್ಲರನ್ನೂ ಕೇಳಿದ ಹಾಗೆ.

"ಒಂದು ರೆಗ್ಯುಲರ್."

"ಬಿಸಿ ಮಾಡಿ ಕೊಡ್ಲಾ?"

ಮತ್ತೆ ಬಿಸಿ ಮಾಡಿದ್ದನ್ನು ಗೇತಾನೊ ಮುಟ್ಟುವುದಿಲ್ಲ ಎನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನೀನು ಹೇಗೆ ಕೊಟ್ರೂ ಸರಿ," ಎಂದ ಅಣ್ಣ.

ಫಿದೆನ್ಸಿಯೊ ಅವನನ್ನು ನೋಡಿದ. ತಣ್ಣಗಿದ್ದ ತುಂಡನ್ನು ಅಲ್ಲೇ ಬಿಟ್ಟು, ಒಲೆಯಿಂದ ಆಗಷ್ಟೇ ಇಳಿದ ಪಿಜ್ಜಾದಿಂದ ಒಂದು ತುಂಡು ಕುಯ್ದು ಕೊಟ್ಟ. ಗೇತಾನೊ ಅಲ್ಲೇ, ಕೌಂಟರಿಗೆ ಒರಗಿ ನಿಂತು ತಿನ್ನತೊಡಗಿದ. ತಳ ನೋಡಲಿಲ್ಲ. ಎಡಗೈಯಲ್ಲಿ ಮಡಚಲು ಒದ್ದಾಡಿದ, ನಾನು ಸಹಾಯಕ್ಕೆ ಹೋಗಲಿಲ್ಲ. ಫಿದೆನ್ಸಿಯೊ ಅತ್ತ ತಿರುಗಿ ಬೇರೆಯವರಿಗೆ ಕುಯ್ದು ಕೊಡುತ್ತಿದ್ದ, ಆದರೆ ಅವನ ಬೆನ್ನು ಈ ಕಡೆಗೇ ಕಿವಿ ಕೊಟ್ಟಿತ್ತು. ಅಣ್ಣ ಕಾಗದದ ತಟ್ಟೆಯನ್ನು ಕೌಂಟರಿನ ತುದಿಯಲ್ಲಿಟ್ಟ.

ಆ ಸಣ್ಣ ಸದ್ದು ಕೇಳಿದ್ದೇ ಫಿದೆನ್ಸಿಯೊನ ಎಡಗೈ, ತಿರುಗಿಯೂ ನೋಡದೆ, ಹಳೆಯ ರೂಢಿಯಂತೆ ತಾನಾಗಿ ಬಂತು. ತಟ್ಟೆಯ ಮೇಲೆ ಬೆರಳಾಡಿಸಿತು. ಅಂಚು ಸಿಗಲಿಲ್ಲ. ಮತ್ತೊಮ್ಮೆ ತಡಕಿತು. ಆಗ ಅವನು ತಿರುಗಿದ. ಬರಿದಾದ ತಟ್ಟೆಯನ್ನು ನೋಡಿದ. ಅಣ್ಣನ ಗದ್ದದ ಮೇಲಿದ್ದ ಚೂರುಗಳನ್ನು ನೋಡಿದ.

"ಹೇಗಿದೆ, ಮಾಸ್ಟ್ರೊ?"

"ಚೆನ್ನಾಗಿದೆ," ಎಂದ ಗೇತಾನೊ. ಆಮೇಲೆ ಇಡೀ ಅಂಗಡಿಗೆ ಕೇಳುವಂತೆ, "ನಂದಕ್ಕಿಂತ ಚೆನ್ನಾಗಿದೆ. ಅವತ್ತೇ ತಿನ್ಬೇಕಾಗಿತ್ತು ಕಣೋ ಫಿದೆ. ತಪ್ಪು ನಂದು."

ಮೇಲೆ ಟ್ರೇನು ಹೋಯಿತು. ಸಿಮೆಂಟ್ ಬೂಟಿನವನು ಅಷ್ಟು ಹೊತ್ತು ತಡೆದದ್ದೇ ಹೆಚ್ಚು.

"ಅಜ್ಜಾ, ತಪ್ಪು ಯಾರದ್ದಾದ್ರೂ ಇರ್ಲಿ, ನಮಗೆ ಹಸಿವಾಗ್ತಿದೆ!"

ಅಂಗಡಿಯೆಲ್ಲ ನಕ್ಕಿತು. ಗೇತಾನೊ ಕೋಟಿನ ಜೇಬಿನಿಂದ ಸ್ಯಾನ್ ರೊಕ್ಕೊದ ಬೀಗದ ಕೈಗಳನ್ನು ತೆಗೆದು ಬರಿದಾದ ತಟ್ಟೆಯ ಮೇಲಿಟ್ಟ. "ಒಲೆ ತಣ್ಣಗೆ ಬಿದ್ದಿದೆ," ಎಂದ.

ಫಿದೆನ್ಸಿಯೊ ಕೀಲಿಗಳನ್ನು ಮುಟ್ಟಲಿಲ್ಲ. "ಕಣಕ ನಂದು," ಎಂದ.

"ನಿಂದು."

"ಎರಡು ರಾತ್ರಿ ಇಡ್ತೀನಿ."

"ವಾರ ಇಡು. ನಂಗೇನು."

"ಯಾರೂ ನನ್ನ ತಟ್ಟೆ ಕಸಕ್ಕೆ ಹಾಕೋ ಹಾಗಿಲ್ಲ."

"ಹಾಕಲ್ಲ." ಅಣ್ಣ ತಲೆ ತಗ್ಗಿಸಿದ. ಆದರೆ ಹುಟ್ಟುಗುಣ ಎಲ್ಲಿ ಬಿಡುತ್ತದೆ, ಮರುಕ್ಷಣವೇ ತಲೆಯೆತ್ತಿ, "ಉಪ್ಪು ಮಾತ್ರ ಒಂಚೂರು ಜಾಸ್ತಿ," ಎಂದ.

"ಮಾಸ್ಟ್ರೊ," ಎಂದ ಫಿದೆನ್ಸಿಯೊ, "ನಿಮ್ಮ ನಾಲಿಗೆಗೆ ಇಲ್ಲಿ ಯಾರೂ ಸಂಬಳ ಕೊಡ್ತಿಲ್ಲ."

ಗೇತಾನೊ ಅವನನ್ನೇ ದಿಟ್ಟಿಸಿದ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು, ಭುಜ ನೋಯುತ್ತದೆಂದು ಒಂದು ಕೈಯಲ್ಲಿ ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಫಿದೆನ್ಸಿಯೊ ಹಿಟ್ಟಿನ ಕೈಯಲ್ಲೇ ಕೀಲಿಗಳನ್ನು ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡ. ಇಲ್ಲಿಯ ಓನರಿಗೆ ಇವತ್ತೇ ಹೇಳುತ್ತೇನೆ, ಈಸ್ಟರ್ ಮುಗಿದ ಸೋಮವಾರ ಬಂದು ಒಲೆ ಹಚ್ಚುತ್ತೇನೆ ಎಂದ. ಹೊರಡುವಾಗ ನನ್ನ ಕೈಗೆ ಬಿಸಿಯಾದ ಒಂದು ಕಾಗದದ ಚೀಲ ಇಟ್ಟ.

ಹೊರಗೆ ಬಂದು ನೋಡಿದರೆ ಕಾರಿನ ಗಾಜಿನ ಮೇಲೆ ಕಿತ್ತಳೆ ಬಣ್ಣದ ದಂಡದ ಲಕೋಟೆ. ಅದನ್ನು ಸಿಕ್ಕಿಸಿದವನು ಇನ್ನೂ ನಾಲ್ಕು ಕಾರಿನಾಚೆ ಇದ್ದ. ಈಸ್ಟರ್‌ಗೆ ಇನ್ನೂ ವಾರದ ಮೇಲಿತ್ತು. ದೇವರು ಕ್ಷಮಿಸಲಿ, ಬೂದಿ ಬುಧವಾರದಿಂದ ನುಂಗಿ ಇಟ್ಟುಕೊಂಡದ್ದನ್ನೆಲ್ಲ ಇಂಗ್ಲಿಷಿನಲ್ಲೂ ಇಟಲಿಯ ನಮ್ಮಮ್ಮನ ಭಾಷೆಯಲ್ಲೂ ಒಂದೂ ಬಿಡದೆ ಅವನ ಬೆನ್ನಿಗೆ ಕೂಗಿ ಹೇಳಿದೆ. ಹೂವಿನ ಅಂಗಡಿಯವಳು ಕೈ ತಟ್ಟಿದಳು.

ಕಾರಿನೊಳಗೆ ಕೂತು ಚೀಲ ಬಿಚ್ಚಿ ತಿಂದೆ. ಗೇತಾನೊ ನನ್ನ ಪಕ್ಕದಲ್ಲಿ, ಬರಿತಲೆಯಲ್ಲಿ, ನೆಟ್ಟಗೆ ಕೂತಿದ್ದ. ಅಂಚು ಉಳಿಯಿತು. ಅವನು ಅದನ್ನೇ ನೋಡುತ್ತಿದ್ದ.

"ಅದನ್ನ ತಿನ್ನಲ್ವಾ?" ಎಂದ.

"ಇಲ್ಲ," ಎಂದೆ. ಸುಳ್ಳು, ನನಗೆ ಬಹಳ ಬೇಕಿತ್ತು. ಅವನ ಕೈಗೆ ಕೊಟ್ಟು, ಕಾರು ಶುರು ಮಾಡಿದೆ.